ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದಲ್ಲಿ ರೈಲು ಇಷ್ಟು ನಿಧಾನ ಯಾಕೆ? ಗೊತ್ತಿದ್ದವರು ಹೇಳಿ

ಕಬಕದ ಹುಡುಗಿ:

ಎಲ್ಲರಿಗೂ ನಮಸ್ಕಾರ. ನನ್ನ ಊರು ಪುತ್ತೂರು, ಕೆಲಸ ಬೆಂಗಳೂರಿನಲ್ಲಿ. ಈ ವರ್ಷ, ಅಂದರೆ 2025ರ ಮೇ ತಿಂಗಳಲ್ಲಿ ಅಮ್ಮನನ್ನು ಕರೆದುಕೊಂಡು ಯಶವಂತಪುರದಿಂದ ಹಗಲು ರೈಲಿನಲ್ಲಿ ಊರಿಗೆ ಹೋದೆ. ಅಮ್ಮನಿಗೆ ಮಂಡಿನೋವು. ಬಸ್ಸಿನಲ್ಲಿ ಕಾಲು ಮಡಚಿ ಕೂರಲು ಆಗುವುದಿಲ್ಲ. ಅದಕ್ಕೇ ರೈಲು.

ಹಾಸನದವರೆಗೆ ಚೆನ್ನಾಗಿಯೇ ಓಡಿತು. ಸಕಲೇಶಪುರದಲ್ಲಿ ನಿಂತದ್ದು ನೋಡಿ, ಹೊರಡುವ ಲಕ್ಷಣವೇ ಇಲ್ಲ. ಕೊನೆಗೂ ಹೊರಟಿತು, ಮದುವೆ ದಿಬ್ಬಣ ಹೋದ ಹಾಗೆ. ಘಟ್ಟ ಚಂದ ಉಂಟು, ಇಲ್ಲ ಅನ್ನುವುದಿಲ್ಲ. ಮೊದಲ ಹತ್ತು ಸುರಂಗಕ್ಕೆ ಬೋಗಿಯ ಮಕ್ಕಳೆಲ್ಲ ಹೋ ಎಂದು ಕೂಗಿದರು. ಇಪ್ಪತ್ತನೆಯದು ಬರುವಾಗ ಅವರಿಗೂ ಸಾಕಾಗಿತ್ತು. ಯಡಕುಮರಿಯಲ್ಲಿ ಮತ್ತೆ ನಿಂತಿತು. ಅಲ್ಲಿ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ. ಸುತ್ತ ಕಾಡು. ಅರ್ಧ ಗಂಟೆ ಕಳೆದ ಮೇಲೆ ಅಮ್ಮ ಕೇಳಿದರು, "ನಾವೀಗ ಬಂದದ್ದು ಯಾರ ಮನೆಗೆ?"

ಮಧ್ಯದಲ್ಲಿ ಏನೋ ಸುಟ್ಟ ವಾಸನೆ ಬೇರೆ. ಅಮ್ಮ ಹೆದರಿಬಿಟ್ಟರು.

ಈ ಘಟ್ಟದ ದಾರಿ ಬರೀ 55 ಕಿಲೋಮೀಟರ್ ಅಂತೆ. ಅದಕ್ಕೆ ಎರಡೂವರೆ ಗಂಟೆ ಬೇಕಾ? ಸೈಕಲ್‌ನವರು ನಮ್ಮನ್ನು ಹಿಂದೆ ಹಾಕಿಯಾರು. ಈಗ ಜೂನ್‌ನಿಂದ ಹಗಲು ರೈಲೇ ಇಲ್ಲ, ಮೇಲೆ ಕರೆಂಟಿನ ತಂತಿ ಎಳೆಯುವ ಕೆಲಸ ನಡೆಯುತ್ತಿದೆ ಅನ್ನುತ್ತಾರೆ. ತಂತಿ ಬಂದು, ವಂದೇ ಭಾರತ್ ಬಂದರೆ ಈ ದಾರಿ ಬೇಗ ಮುಗಿಯುತ್ತದಾ? ಅಥವಾ ಅಮ್ಮನಿಗೆ ಈಗಲೇ ಬಸ್ಸು ಅಭ್ಯಾಸ ಮಾಡಿಸಲಾ?

ಟೈಮ್‌ಟೇಬಲ್ ಹುಚ್ಚ:

ಮೊದಲು ಸ್ವಲ್ಪ ಹಳೇ ಕಥೆ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ, ಅದೂ ಕೇರಳದ ಕಡೆಯಿಂದ. ಬೆಂಗಳೂರು ಕಡೆಗೆ ಘಟ್ಟ ಅಡ್ಡ. ಹಾಸನ–ಮಂಗಳೂರು ಮಾರ್ಗ ಪೂರ್ತಿಯಾಗುವಾಗ 1979 ಆಗಿತ್ತು. ಅದೂ ಮೀಟರ್ ಗೇಜ್, ಎರಡು ಹಳಿಗಳ ನಡುವೆ ಒಂದೇ ಮೀಟರ್. 1996ರಲ್ಲಿ ಬ್ರಾಡ್‌ಗೇಜ್ ಮಾಡುತ್ತೇವೆ ಎಂದು ಮುಚ್ಚಿದರು. ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ನಾವು ನೀವು ಹತ್ತುವ ರೈಲು ಬಂದದ್ದು 2007ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷ! ಅಷ್ಟರಲ್ಲಿ ಅತ್ತ ರೋಹಾದಿಂದ ಮಂಗಳೂರಿನ ತೋಕೂರಿನವರೆಗೆ ಇಡೀ ಕೊಂಕಣ ರೈಲ್ವೆಯನ್ನೇ ಕಟ್ಟಿ ಮುಗಿಸಿ, 1998ರ ಜನವರಿಯಲ್ಲಿ ದೇಶಕ್ಕೆ ಒಪ್ಪಿಸಿಯೂ ಆಗಿತ್ತು.

ಇನ್ನೊಂದು ತಮಾಷೆ ಗೊತ್ತಾ? ಮಂಗಳೂರಿನಲ್ಲಿ ಮೂರು ರೈಲ್ವೆ ಆಡಳಿತಗಳು ಸೇರುತ್ತವೆ. ಘಟ್ಟದ ಕಡೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗ. ತೋಕೂರಿನಿಂದ ಆಚೆ ಕೊಂಕಣ ರೈಲ್ವೆ, ಅದು ಬೇರೆಯೇ ಕಂಪನಿ. ಒಂದು ಮನೆಗೆ ಮೂವರು ಯಜಮಾನರು. ಹೊಸ ರೈಲು ಕೇಳುವಾಗ ಯಾರ ಬಾಗಿಲು ತಟ್ಟಬೇಕು ಎಂದು ತಿಳಿಯುವುದಕ್ಕೇ ಒಂದು ವರ್ಷ ಬೇಕು.

ವೇಗದ ವಿಷಯ: ಘಟ್ಟದಲ್ಲಿ ಗರಿಷ್ಠ 30 ಕಿಲೋಮೀಟರ್. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, 50ಕ್ಕೆ 1ರ ಏರು. ಅದಕ್ಕಿಂತ ಹೆಚ್ಚು ನನಗಿಂತ ಚೆನ್ನಾಗಿ ಹೇಳುವವರು ಇಲ್ಲೇ ಇದ್ದಾರೆ. ಕೀಮ್ಯಾನ್ ಮಾವ, ಎಲ್ಲಿದ್ದೀರಿ?

ಕೀಮ್ಯಾನ್ ಮಾವ:

ಇದ್ದೇನಪ್ಪ. ಮೊಮ್ಮಗ ಫೋನ್ ಕೊಟ್ಟರೆ ತಾನೇ ಬರೆಯುವುದು.

ತಂಗಿ, ನಾನು ಸಕಲೇಶಪುರದ ಹತ್ತಿರದ ಹಳ್ಳಿಯವನು. 1983ರಲ್ಲಿ ಹಳಿ ರಿಪೇರಿ ಮಾಡುವ ಗ್ಯಾಂಗ್‌ಮನ್ ಆಗಿ ಸೇರಿದೆ, ಕೀಮ್ಯಾನ್ ಆಗಿ 2019ರಲ್ಲಿ ನಿವೃತ್ತಿ. ನಡುವೆ ಹಳಿ ಕಿತ್ತ ಹತ್ತು ವರ್ಷ ಬಯಲುಸೀಮೆಯಲ್ಲಿದ್ದೆ. ಉಳಿದದ್ದೆಲ್ಲ ಘಟ್ಟದಲ್ಲೇ. ಕೀಮ್ಯಾನ್ ಅಂದರೆ ಬೀಗದ ಕೈ ಇಟ್ಟುಕೊಳ್ಳುವವನು ಎಂದು ನನ್ನ ಬೀಗರೇ ಬಹಳ ದಿನ ತಿಳಿದಿದ್ದರು. ಹಿಂದೆ ಹಳಿಯನ್ನು ಅದರ ಕೆಳಗಿನ ಅಡ್ಡಪಟ್ಟಿಗೆ, ಅಂದರೆ ಸ್ಲೀಪರ್‌ಗೆ ಕಚ್ಚಿಸಲು ಕಬ್ಬಿಣದ ಬೆಣೆ ಹೊಡೆಯುತ್ತಿದ್ದೆವು, ಅದಕ್ಕೆ ಕೀ ಎಂದು ಹೆಸರು. ಈಗ ಕಾಂಕ್ರೀಟ್ ಸ್ಲೀಪರ್, ಸ್ಪ್ರಿಂಗಿನಂಥ ಕ್ಲಿಪ್ಪು. ಕೀ ಹೋಯಿತು, ಕೀಮ್ಯಾನ್ ಉಳಿದ. ದಿನಾ ಐದಾರು ಕಿಲೋಮೀಟರ್ ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು ಹಳಿ ನೋಡಿಕೊಂಡು, ಸಡಿಲಾದ ಕ್ಲಿಪ್ಪಿಗೆ ಸುತ್ತಿಗೆಯಲ್ಲಿ ಒಂದು ಕೊಟ್ಟುಕೊಂಡು ನಡೆಯುವುದು ಕೆಲಸ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. 50ಕ್ಕೆ 1 ಅಂದರೆ ಐವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಸ್ಕೂಟರಿನಲ್ಲಿ ಹೋದರೆ ಏರು ಎಂದೇ ಗೊತ್ತಾಗುವುದಿಲ್ಲ. ರೈಲಿಗೆ ಅದು ಬೆಟ್ಟ. ಕಬ್ಬಿಣದ ಚಕ್ರ, ಕಬ್ಬಿಣದ ಹಳಿ. ಎರಡೂ ಮುಟ್ಟುವ ಜಾಗ ಒಂದು ನಾಣ್ಯದಷ್ಟು. ಮೇಲೆ ಮಳೆ, ಹಳಿ ಮೇಲೆ ಕೊಳೆತ ಎಲೆ. ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತದೆ. ಅದಕ್ಕೆ ಇಂಜಿನ್ ಚಕ್ರದ ಮುಂದೆ ಮರಳು ಸುರಿಯುವ ಪೈಪ್ ಇರುತ್ತದೆ, ನೀವು ನೋಡಿರಲಿಕ್ಕಿಲ್ಲ. ಬುಡದ ನೆಟ್ಟಣದಿಂದ, ಅಂದರೆ ನಿಮ್ಮ ಸುಬ್ರಹ್ಮಣ್ಯ ರೋಡ್‌ನಿಂದ, ಹತ್ತುವ ಗಾಡಿಗೆ ಹಿಂದಿನಿಂದ ಬೇರೆ ಇಂಜಿನ್ ಕಟ್ಟಿ ತಳ್ಳುತ್ತಾರೆ. ಬ್ಯಾಂಕರ್ ಅನ್ನುತ್ತೇವೆ.

ಆದರೆ ನನ್ನನ್ನು ಕೇಳಿದರೆ ಹತ್ತುವುದು ಸುಲಭ. ಹತ್ತುವಾಗ ಶಕ್ತಿ ಸಾಲದಿದ್ದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಯುವಾಗ ಶಕ್ತಿ ಜಾಸ್ತಿಯಾದರೆ ನಿಲ್ಲುವುದೇ ಇಲ್ಲ. ನೀವು ಇಳಿದದ್ದು. ಸಕಲೇಶಪುರದಲ್ಲಿ ನಿಮ್ಮನ್ನು ಕಾಯಿಸಿದ್ದು ಸುಮ್ಮನೆ ಅಲ್ಲ. ಕೊನೆಯ ಬೋಗಿವರೆಗೂ ಬ್ರೇಕ್ ಹಿಡಿಯುತ್ತದಾ ಎಂದು ನೋಡದೆ ಘಟ್ಟಕ್ಕೆ ಬಿಡುವುದಿಲ್ಲ. ಅಮ್ಮನಿಗೆ ಬಂದ ಸುಟ್ಟ ವಾಸನೆ ಆ ಬ್ರೇಕಿನದೇ. ಇಂಜಿನ್ನಿನ ಮೋಟರುಗಳೂ ಇಳಿಯುವಾಗ ತಿರುಗುಮುರುಗಾಗಿ ಕರೆಂಟ್ ಮಾಡುತ್ತಾ ಗಾಡಿಯನ್ನು ಹಿಡಿದುಕೊಂಡಿರುತ್ತವೆ. ಅದೂ ಸಾಲದ ಕಡೆ ಬ್ರೇಕ್ ಒತ್ತುತ್ತಾರೆ, ಬಿಡುತ್ತಾರೆ, ಮತ್ತೆ ಒತ್ತುತ್ತಾರೆ. ಬಿಸಿಯಾಗುತ್ತದೆ, ವಾಸನೆ ಬರುತ್ತದೆ. ಹೆದರಬೇಡಿ ಎಂದು ಅಮ್ಮನಿಗೆ ಹೇಳಿ. ನಾನು ಎಷ್ಟೋ ವರ್ಷ ಆ ವಾಸನೆ ಕುಡಿದೇ ಊಟ ಮಾಡಿದ್ದೇನೆ.

ಇನ್ನು ಯಡಕುಮರಿ. ನೀವು ಅಲ್ಲಿ ಬಂದದ್ದು ಗೂಡ್ಸ್ ಗಾಡಿಯ ಮನೆಗೆ! ಇಡೀ ಘಟ್ಟಕ್ಕೆ ಒಂದೇ ಹಳಿ. ದೋಣಿಗಲ್, ಕಡಗರವಳ್ಳಿ, ಯಡಕುಮರಿ, ಸಿರಿಬಾಗಿಲು, ಈ ನಾಲ್ಕು ಸ್ಟೇಷನ್ ಇರುವುದೇ ಎದುರು ಬಂದ ಗಾಡಿಗೆ ದಾರಿ ಬಿಡಲು. ಎರಡು ಸ್ಟೇಷನ್ ನಡುವೆ ಒಂದು ಹೊತ್ತಿಗೆ ಒಂದೇ ಗಾಡಿ. ಕೆಳಗಿಂದ ಗೊಬ್ಬರವೋ ಕಲ್ಲಿದ್ದಲೋ ತುಂಬಿಕೊಂಡು ಒಂದು ಗೂಡ್ಸ್ ತೆವಳಿಕೊಂಡು ಬರುತ್ತಿದ್ದರೆ ಅದು ಬಂದು ಮುಟ್ಟುವವರೆಗೆ ನೀವು ಕಾಡು ನೋಡುತ್ತಾ ಕೂರಬೇಕು. ನನ್ನ ಲೆಕ್ಕದಲ್ಲಿ ನಿಮ್ಮ ಹೊತ್ತು ತಿಂದದ್ದು ಈ ಕಾಯುವಿಕೆ. 30ರ ಮಿತಿಯನ್ನು ಬೈಯಬೇಡಿ. ತಿರುವಿನಲ್ಲಿ ಹೊರಗಿನ ಹಳಿಯ ಒಳಮೈ ಸವೆದು ಹೊಳೆಯುವುದನ್ನು ಒಂದು ಸಲ ಕೈಯಿಟ್ಟು ನೋಡಿದ್ದರೆ ನೀವೇ 25 ಸಾಕು ಅನ್ನುತ್ತಿದ್ದಿರಿ.

ವಂದೇ ಭಾರತ್ ಓಡಬೇಕಾದರೆ ಮೇಲೆ ತಂತಿ ಬೇಕು, ಆ ಮಾತು ನಿಜ. ತಂತಿ ಬಂದರೆ ಸುರಂಗದ ಹೊಗೆ ಹೋಗುತ್ತದೆ, ಅದು ನಮ್ಮ ಹುಡುಗರಿಗೆ ದೊಡ್ಡ ವರ. ಗಾಡಿ ಬರುವಾಗ ನಾವು ಸುರಂಗದ ಗೋಡೆಯಲ್ಲಿ ಕೊರೆದ ಗೂಡಿನೊಳಗೆ ನಿಲ್ಲುತ್ತೇವೆ. ಮುಂದೆ ಎರಡು ಡೀಸೆಲ್ ಇಂಜಿನ್, ಹಿಂದೆ ಬ್ಯಾಂಕರ್. ಗಾಡಿ ಹೋದ ಮೇಲೂ ಹೊಗೆ ಹೋಗುವುದಿಲ್ಲ. ಟವೆಲ್ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಂಡು ಬಾಯಿ ಮುಚ್ಚಿ ನಿಲ್ಲಬೇಕು. ಆದರೆ ತಂತಿ ಬಂತೆಂದು ತಿರುವು ನೆಟ್ಟಗಾಗುವುದಿಲ್ಲ, ಹಳಿ ಎರಡಾಗುವುದಿಲ್ಲ. ಬೆಂಗಳೂರಿಂದ ಹಾಸನದವರೆಗೆ ಬೇಕಾದರೆ ಹಾರಿಕೊಂಡು ಬನ್ನಿ. ಘಟ್ಟದಲ್ಲಿ ನಾವು ಹೇಳಿದ ಹಾಗೆ ಕೇಳಬೇಕು.

ಉಪ್ಪಿನಂಗಡಿ ಲಾರಿ:

ಮಾವ ಹೇಳಿದ್ದು ಸರಿ. ಆದರೆ ಅಕ್ಕ ಬಸ್ಸಿನ ಮಾತು ಎತ್ತಿದ್ದರಿಂದ ರಸ್ತೆ ಕಥೆಯೂ ಸ್ವಲ್ಪ ಕೇಳಲಿ. ನಾನು ಹದಿನೆಂಟು ವರ್ಷದಿಂದ ಪಣಂಬೂರು ಬಂದರಿನಿಂದ ಬೆಂಗಳೂರಿಗೆ ಲಾರಿ ಓಡಿಸುತ್ತಿದ್ದೇನೆ. ಶಿರಾಡಿ ಅಂದರೆ ನನ್ನ ಅಂಗಳ. ಈಗ ಅದು ರಾಷ್ಟ್ರೀಯ ಹೆದ್ದಾರಿ 75. ನಮಗೆ ಹಳಬರಿಗೆ ಇನ್ನೂ 48ನೇ ಹೈವೇ.

2015ರಲ್ಲಿ ಕಾಂಕ್ರೀಟ್ ಹಾಕಲು ತಿಂಗಳುಗಟ್ಟಲೆ ಮುಚ್ಚಿದರು. 2018ರಲ್ಲಿ ಉಳಿದ ಭಾಗಕ್ಕೆ ಮತ್ತೆ ಮುಚ್ಚಿದರು. ಬೇರೆ ಘಟ್ಟಕ್ಕೆ ಹೋಗು ಅನ್ನುತ್ತಾರೆ. ಯಾವುದಕ್ಕೆ ಹೋಗುವುದು? ಚಾರ್ಮಾಡಿಗೆ ದೊಡ್ಡ ಗಾಡಿ ಬಿಡುವುದಿಲ್ಲ. ಆಗುಂಬೆ ನಮ್ಮ ಗಾಡಿಗೆ ಅಲ್ಲವೇ ಅಲ್ಲ. ಸಂಪಾಜೆಯಲ್ಲಿ ಹೋಗೋಣ ಅಂದರೆ 2018ರ ಆಗಸ್ಟ್‌ನಲ್ಲಿ ಮಡಿಕೇರಿ ಕಡೆ ಗುಡ್ಡವೇ ಇಳಿದು ಬಂತು. ಅದೇ ತಿಂಗಳು ಮಾವನ ರೈಲು ದಾರಿಯೂ ಹೋಯಿತು.

ಎಲ್ಲರೂ ಹೇಳುವುದು, ರಸ್ತೆ ಕೆಟ್ಟರೆ ರೈಲಿದೆ, ರೈಲು ಕೆಟ್ಟರೆ ರಸ್ತೆಯಿದೆ ಎಂದು. ಎರಡೂ ಕೂತಿರುವುದು ಒಂದೇ ಗುಡ್ಡದ ಮೇಲೆ ಮಾರಾಯ್ರೆ. 2024ರ ಜುಲೈ ನೆನಪು ಮಾಡಿಕೊಳ್ಳಿ. ಯಡಕುಮರಿ–ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣು ಜಾರಿತು. ಅದೇ ಮಳೆಗೆ ದೊಡ್ಡತಪ್ಪಲಿನಲ್ಲಿ ರಸ್ತೆ ಮೇಲೆ ಗುಡ್ಡ ಬಿತ್ತು. ನಾನು ಗುಂಡ್ಯದಲ್ಲಿ ಸಿಕ್ಕಿಬಿದ್ದೆ. ಮೂರು ರಾತ್ರಿ. ಲಾರಿ ಕೆಳಗೆ ಸ್ಟೋವ್ ಇಟ್ಟು ಗಂಜಿ, ಮೇಲೆ ಹೋಟೆಲಿನವರು ಕೊಟ್ಟ ಉಪ್ಪಿನಕಾಯಿ. ಎದುರು ಗ್ಯಾಸ್ ತುಂಬಿದ ಬುಲೆಟ್ ಟ್ಯಾಂಕರ್ ನಿಂತಿತ್ತು. ಅದರ ಡ್ರೈವರ್ ನಮ್ಮ ಸ್ಟೋವ್ ನೋಡಿ ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಬೈದದ್ದು ಸರಿಯೇ. ಸ್ಟೋವನ್ನು ಎಲ್ಲೋ ದೂರಕ್ಕೆ ಒಯ್ದೆವು.

ನಾನು ಮೆಚ್ಚಿದ್ದು ಒಂದೇ ವ್ಯವಸ್ಥೆ, ಕೊಂಕಣ ರೈಲ್ವೆಯ ರೋ–ರೋ. ಲಾರಿಯನ್ನು ಹಾಗೇ ರೈಲಿನ ಬಯಲು ವ್ಯಾಗನ್ ಮೇಲೆ ಹತ್ತಿಸುವುದು. 1999ರಿಂದ ಇದೆ. ಸುರತ್ಕಲ್‌ನಲ್ಲಿ ಹತ್ತಿಸಿ, ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಸಿದೆ. ನಾನು ನನ್ನ ಸೀಟಿನಲ್ಲೇ ಕೂತಿದ್ದೆ. ಸ್ಟಿಯರಿಂಗ್ ಮುಟ್ಟದೆ ಇಡೀ ಗೋವಾ ದಾಟಿದೆ. ಅಭ್ಯಾಸಬಲ, ಇಳಿಜಾರು ಬಂದಾಗ ಕಾಲು ತಾನೇ ಬ್ರೇಕಿಗೆ ಹೋಗುತ್ತಿತ್ತು. ನಮ್ಮ ಘಟ್ಟಕ್ಕೂ ಅಂಥದ್ದು ಬರಬಾರದಾ?

ಟೈಮ್‌ಟೇಬಲ್ ಹುಚ್ಚ:

ಲಾರಿಯಣ್ಣ, ಈಗಿರುವ ಗಾಡಿಗಳೇ ಯಡಕುಮರಿಯಲ್ಲಿ ಒಂದಕ್ಕೊಂದು ದಾರಿ ಕಾಯುತ್ತಿವೆ. ಆ ಒಂದೇ ಹಳಿಯಲ್ಲಿ ನಿಮ್ಮ ಲಾರಿಗಳನ್ನು ಹೊತ್ತ ರೈಲನ್ನು ಎಲ್ಲಿ ತೂರಿಸುವುದು? ಘಟ್ಟ ದಾಟಲು ಯಾರನ್ನೂ ಕಾಯದೆ ಹೋಗುತ್ತಿರುವುದು ಒಂದೇ, ನೆಲದ ಕೆಳಗಿನ ಪೈಪು. ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಪೆಟ್ರೋಲು ಡೀಸೆಲ್ಲು 2003ರಿಂದ ಹಾಗೇ ಬರುತ್ತಿದೆ. ಬೆಂಗಳೂರಿನ ಬಂಕಿನಲ್ಲಿ ಟ್ಯಾಂಕ್ ತುಂಬಿಸುವವರು ಯಾರೂ ಆ ಕಡೆ ಯೋಚನೆಯನ್ನೇ ಮಾಡಿರಲಿಕ್ಕಿಲ್ಲ.

ಕಬಕದ ಹುಡುಗಿ:

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಪೂರ್ತಿ ಓದಿ ಹೇಳಿದೆ. "ಗೂಡ್ಸ್ ಗಾಡಿಯ ಮನೆ" ಕೇಳಿ ನಕ್ಕರು. ಅವರದ್ದು ಒಂದು ಪ್ರಶ್ನೆ ಉಂಟು. ಮಳೆಗಾಲದಲ್ಲಿ ರಾತ್ರಿ ರೈಲು ಹೋಗುತ್ತದಲ್ಲ, ಮುಂದೆ ಗುಡ್ಡ ಬಿದ್ದಿದೆಯೋ ಇಲ್ಲವೋ ಎಂದು ಇಂಜಿನ್‌ನವನಿಗೆ ಹೇಗೆ ಗೊತ್ತಾಗುತ್ತದೆ? ನನಗೂ ಗೊತ್ತಿರಲಿಲ್ಲ. ಮಾವ, ಹೇಳ್ತೀರಾ?

ಕೀಮ್ಯಾನ್ ಮಾವ:

ಒಳ್ಳೆ ಪ್ರಶ್ನೆ ಕೇಳಿದರು. ಯಾರೂ ಇದನ್ನು ಕೇಳುವುದಿಲ್ಲ.

ಅವನಿಗೆ ಗೊತ್ತಾಗುವುದಿಲ್ಲ ಅಮ್ಮ. ದೀಪದ ಬೆಳಕು ತಿರುವಿನಲ್ಲಿ ಕಾಡಿನ ಮೇಲೆ ಬೀಳುತ್ತದೆ, ಹಳಿ ಮೇಲಲ್ಲ. ಅವನಿಗಿಂತ ಮುಂಚೆ ನಾವು ನಡೆದಿರುತ್ತೇವೆ. ಮಳೆಗಾಲದ ಪೆಟ್ರೋಲಿಂಗ್ ಅನ್ನುತ್ತಾರೆ. ಕೈಯಲ್ಲಿ ಕೆಂಪು, ಹಸಿರು ತೋರಿಸುವ ದೀಪ, ಕೊರಳಲ್ಲಿ ಸೀಟಿ, ಹೆಗಲ ಚೀಲದಲ್ಲಿ ಪಟಾಕಿ ಡಬ್ಬ, ಜೇಬಿನಲ್ಲಿ ಪ್ಲಾಸ್ಟಿಕ್ ಸುತ್ತಿದ ಪೆಟ್ರೋಲ್ ಪುಸ್ತಕ. ಆ ಕಡೆಯಿಂದ ಇನ್ನೊಬ್ಬ ಬರುತ್ತಾನೆ. ಗಡಿಯಲ್ಲಿ ಪುಸ್ತಕ ಬದಲಾಯಿಸಿಕೊಂಡು ಹಿಂದಿರುಗುತ್ತೇವೆ. ಪುಸ್ತಕ ಬದಲಾಗದಿದ್ದರೆ ಆಚೆಯವನು ಬಂದಿಲ್ಲ ಎಂದು ಲೆಕ್ಕ. ಬರದಿದ್ದರೆ ಏನೋ ಆಗಿದೆ ಎಂದು ಲೆಕ್ಕ.

ಪಟಾಕಿ ಅಂದರೆ ದೀಪಾವಳಿದಲ್ಲ. ಶೂ ಪಾಲಿಷ್ ಡಬ್ಬಿಯಂಥ ತಗಡಿನ ಬಿಲ್ಲೆ, ಎರಡು ಕಿವಿ ಇರುತ್ತವೆ, ಅವನ್ನು ಬಗ್ಗಿಸಿ ಹಳಿ ತಲೆಗೆ ಕಚ್ಚಿಸುವುದು. ಚಕ್ರ ಹತ್ತಿದರೆ ಢಂ. ದಾರಿ ಕೆಟ್ಟ ಜಾಗದಿಂದ 600 ಮೀಟರ್ ಓಡಿ ಒಂದು, 1200 ಮೀಟರಿನಲ್ಲಿ ಹತ್ತತ್ತು ಮೀಟರ್ ಬಿಟ್ಟು ಮೂರು. ಮಳೆಯಲ್ಲಿ ದೀಪ ಕಾಣದಿದ್ದರೂ ಸದ್ದು ಕೇಳುತ್ತದೆ.

ನನಗೆ ಕಲಿಸಿದ ಹಿರಿಯ ಗ್ಯಾಂಗ್‌ಮನ್ ಒಬ್ಬ ಹೇಳುತ್ತಿದ್ದ, ನೀರು ಸದ್ದು ಮಾಡುವಾಗ ಹೆದರಬೇಡ, ಸದ್ದು ನಿಂತಾಗ ಹೆದರು ಎಂದು. ಒಂದು ಜುಲೈ ರಾತ್ರಿ, ಬ್ರಾಡ್‌ಗೇಜ್ ಆದ ಮೇಲಿನ ಮಾತು, ಎರಡು ಸುರಂಗದ ನಡುವೆ ಗುಡ್ಡ ಕಡಿದು ಮಾಡಿದ ಕಟಿಂಗ್‌ನಲ್ಲಿ ನಡೆಯುತ್ತಿದ್ದೆ. ಮಳೆ ಹಾಗೇ ಹೊಡೆಯುತ್ತಿದೆ. ಆದರೆ ಹಳಿ ಪಕ್ಕದ ಚರಂಡಿ ಗಪ್‌ಚುಪ್. ಹೋಗುವಾಗ ಧೋ ಎಂದು ಹರಿಯುತ್ತಿದ್ದ ನೀರು ಬರುವಾಗ ಪಾದ ಮುಳುಗುವಷ್ಟೂ ಇಲ್ಲ. ದೀಪ ಎತ್ತಿ ಮೇಲೆ ಹಿಡಿದೆ. ಗುಡ್ಡ ಇದ್ದ ಹಾಗೇ ಇದೆ. ಹಸಿ ಮಣ್ಣಿನ ವಾಸನೆ ಮಾತ್ರ, ಆಗಷ್ಟೇ ಗುದ್ದಲಿ ಹಾಕಿದ ಗದ್ದೆಯ ವಾಸನೆ. ಕೆಳಗಿಂದ ಗೂಡ್ಸ್ ಹೊರಟಿದೆ ಎಂದು ಗೊತ್ತಿತ್ತು. ಓಡಿದೆ. ಸ್ಲೀಪರ್ ಮೇಲೆ ಓಡುವುದು ಅಂದರೆ ಏನೆಂದು ಓಡಿದವರಿಗೇ ಗೊತ್ತು. ಒಂದು ಕಾಲು ಕಾಂಕ್ರೀಟ್ ಮೇಲೆ, ಇನ್ನೊಂದು ಜಲ್ಲಿ ಮೇಲೆ. ಪಟಾಕಿ ಕಚ್ಚಿಸಿ, ಕೆಂಪು ದೀಪ ಬೀಸುತ್ತಾ ನಿಂತೆ.

ಮೂರು ಢಂ ಆಯಿತು. ಗಾಡಿ ನಿಂತಿತು. ಡ್ರೈವರ್ ಕಿಟಕಿಯಲ್ಲಿ ತಲೆ ಹಾಕಿ, "ಎಲ್ಲಿದೆ ಗುಡ್ಡ?" ಅಂದ. "ಇನ್ನೂ ಮೇಲಿದೆ" ಅಂದೆ. ಅವನ ಮುಖ ನೀವು ನೋಡಬೇಕಿತ್ತು!

ಗುಡ್ಡ ಬಿದ್ದಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಬೀಳಲಿಲ್ಲ. ಬೆಳಗ್ಗೆ ಗ್ಯಾಂಗಿನವರು ಮೇಲೆ ಹತ್ತಿ ನೋಡಿದರು. ಗುಡ್ಡದ ನೆತ್ತಿಯಲ್ಲಿ ನೀರು ಆಚೆ ಹೋಗಲು ತೆಗೆದ ಕಾಲುವೆಗೆ ಒಂದು ಮರ ಅಡ್ಡ ಬಿದ್ದು, ನೀರು ಕೆರೆಯ ಹಾಗೆ ಕಟ್ಟಿ ನಿಂತು ಮಣ್ಣಿನೊಳಗೆ ಇಳಿಯುತ್ತಿತ್ತು. ಮರ ಕಡಿದು ನೀರು ಬಿಟ್ಟರು. ಗಾಡಿಗಳು ನಾಲ್ಕು ಗಂಟೆ ತಡ. ಮೇಲಿನವರೊಬ್ಬರು ನನ್ನನ್ನು ಕರೆಸಿ, ಬರೀ ವಾಸನೆ ಬಂತೆಂದು ಗಾಡಿ ನಿಲ್ಲಿಸುತ್ತೀಯಾ ಎಂದು ಕೇಳಿದರು. ಹೌದು ಸಾರ್ ಅಂದೆ. ಬರೆದುಕೊಂಡರು. ಅದೇನು ಬರೆದುಕೊಂಡರೋ, ನಿವೃತ್ತಿಯಾಗುವವರೆಗೂ ಅದರ ಸುದ್ದಿ ಬರಲಿಲ್ಲ.

2018ರಲ್ಲಿ ಮಾತ್ರ ಯಾವ ವಾಸನೆಯೂ ಉಪಯೋಗಕ್ಕೆ ಬರಲಿಲ್ಲ. ಒಂದಲ್ಲ ಎರಡಲ್ಲ, ಎಲ್ಲೆಲ್ಲೂ ಕುಸಿಯಿತು. ಗಾಡಿ ಮೊದಲೇ ನಿಲ್ಲಿಸಿದ್ದರಿಂದ ಜನ ಉಳಿದರು. ಮಣ್ಣು, ಬಂಡೆ ತೆಗೆಯುವುದರಲ್ಲೇ ವಾರಗಟ್ಟಲೆ ಹೋಯಿತು. ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಆಗ ಹೋದದ್ದು ಇನ್ನೂ ಸರಿಯಾಗಿ ಬಂದಿಲ್ಲ.

ಚಾರಣದ ಹುಡುಗರು ಇದನ್ನು ಓದುತ್ತಿದ್ದರೆ ಒಂದು ಮಾತು. ಹಳಿ ಮೇಲೆ ನಡೆಯಲು ಬರಬೇಡಿ. ಅದು ನಿಷೇಧ, ಮತ್ತೆ ಸುರಂಗದ ಗೂಡಿನಲ್ಲಿ ಜಾಗ ಇರುವುದು ನಮಗೇ ಸಾಲದು.

ಕಬಕದ ಹುಡುಗಿ:

ಮಾವ, ಇದನ್ನು ಓದುವಾಗ ಅಮ್ಮ ಮಧ್ಯದಲ್ಲಿ ಎದ್ದು ಒಳಗೆ ಹೋದರು. ನೀರು ಕುಡಿದು ಬಂದು, "ಮುಂದೆ ಓದು" ಅಂದರು. ಹಗಲು ರೈಲು ಶುರುವಾದ ಕೂಡಲೇ ಟಿಕೆಟ್ ಮಾಡಿಸಬೇಕಂತೆ, ಗಾಜಿನ ಬೋಗಿಯಲ್ಲೇ. ವಿಸ್ಟಾಡೋಮ್ ದುಡ್ಡು ನಾನು ಕೊಡಬೇಕು, ಅದು ಬೇರೆ. ಯಡಕುಮರಿಯಲ್ಲಿ ಚಹಾ ಸಿಗುತ್ತದಾ ಎಂದು ಕೇಳಲು ಹೇಳಿದ್ದಾರೆ.

ಕೀಮ್ಯಾನ್ ಮಾವ:

ಚಹಾ ಎಲ್ಲಿಂದ ಬರಬೇಕು ತಂಗಿ, ಅಲ್ಲಿ ಅಂಗಡಿಯೇ ಇಲ್ಲ. ಸ್ಟೇಷನ್ನಿನವರಿಗೇ ಸಾಮಾನು ರೈಲಿನಲ್ಲಿ ಹೋಗಬೇಕು. ಸಕಲೇಶಪುರದಲ್ಲಿ ಬ್ರೇಕ್ ನೋಡುವಷ್ಟರಲ್ಲಿ ಪ್ಲಾಟ್‌ಫಾರ್ಮಿನಲ್ಲಿ ಫ್ಲಾಸ್ಕ್ ತುಂಬಿಸಿಕೊಳ್ಳಿ. ಅಮ್ಮನನ್ನು ಕೆಳಗೆ ಇಳಿಸಬೇಡಿ, ಮೆಟ್ಟಿಲು ಎತ್ತರ. ಮಂಡಿಗೆ ಬಿಸಿನೀರಿನ ಬ್ಯಾಗ್ ಇದ್ದರೆ ಅದನ್ನೂ ತನ್ನಿ, ಗೂಡ್ಸ್ ಯಾವಾಗ ಬರುತ್ತದೆ ಎಂದು ಹೇಳಲಾಗದು.